ಭಜನೆಯೋ, ಜೂಡೋನೋ?

ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಿಂದ ನಜ್ಜುಗುಜ್ಜಾಗಿ ಇಳಿದಾಗ ತಲೆ ಗುಂಯ್ ಅನ್ನುತ್ತಿರುತ್ತದೆ, ಅಲ್ವಾ? ಮನಸ್ಸು ತಣ್ಣಗಾಗಲು ನಾನು ಎರಡನ್ನೂ ಮಾಡಿ ನೋಡಿದ್ದೇನೆ.

ಶನಿವಾರದ ಭಜನೆಗೆ ಖರ್ಚಿಲ್ಲ. ಕಾಲು ತೊಳೆದು ಚಾಪೆ ಮೇಲೆ ಕೂತರೆ ಯಾರೋ ಕೈಗೆ ತಾಳ ಕೊಡುತ್ತಾರೆ. ಪುರಂದರದಾಸರ ಎರಡು ಪದ ಮುಗಿಯುವಷ್ಟರಲ್ಲಿ ಉಸಿರು ತಾನಾಗಿ ನಿಧಾನವಾಗುತ್ತದೆ. ಕೊನೆಗೆ ಅವಲಕ್ಕಿ ಪ್ರಸಾದ. ಸುಳ್ಳು ಯಾಕೆ, ಮೊದಮೊದಲು ಹೋಗಿದ್ದು ಅದಕ್ಕೇ!

ಜೂಡೋ ಬೇರೆ ಥರ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಶುರುಮಾಡಿದ ಈ ವಿದ್ಯೆಯಲ್ಲಿ ಮೊದಲು ಕಲಿಸುವುದೇ ಬೀಳುವುದನ್ನು. ಗದ್ದ ಎದೆಗೊತ್ತಿ, ಕೈಯಿಂದ ಮ್ಯಾಟ್‌ಗೆ ಪಟ್ ಅಂತ ಬಡಿಯಬೇಕು. ಬೀಳುವ ಭಯ ಹೋದಮೇಲೆ ನನ್ನ ಸಿಟ್ಟೂ ಇಳಿಯಿತು. ಫೀಸು, ಮೈಕೈ ನೋವು ಇದ್ದದ್ದೇ.

ಊರಿನ ನೆನಪು ಜಾಸ್ತಿ ಕಾಡುತ್ತಿದ್ದರೆ ಭಜನೆಗೆ ಹೋಗಿ. ಸುಮ್ನೆ ಕೂರಲಾಗದವರಿಗೆ ಜೂಡೋ. ಮೊಣಕಾಲು ನೋವಿದ್ದರೆ ಮೊದಲು ಡಾಕ್ಟರನ್ನು ಕೇಳಿ.