ಒಂದೇ ಥರದ ಕಟ್ಟಡ, ಎರಡು ಬಾಡಿಗೆ: ಇಂಗ್ಲೆಂಡಿನಲ್ಲಿ ನಾನು ಇದ್ದು ನೋಡಿದ ಮೂರು ಮನೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೌಸಿಂಗ್ ಅಸೋಸಿಯೇಷನ್, ಅಂದರೆ ಲಾಭಕ್ಕಲ್ಲದೆ ಕಮ್ಮಿ ಬಾಡಿಗೆಗೆ ಮನೆ ಕೊಡುವ ಸಂಸ್ಥೆಯ ಮನೆಗೆ. ಅವರು ಕೀಲಿ ಕೊಟ್ಟ ದಿನ ಅದರಲ್ಲಿ ಕಾರ್ಪೆಟ್ ಇರಲಿಲ್ಲ, ಒಲೆ ಇರಲಿಲ್ಲ, ಕಿಟಕಿಗೆ ಪರದೆ ಹಾಕೋ ಸರಳೂ ಇರಲಿಲ್ಲ. ಆದರೂ ಅದಕ್ಕೇ. ಯಾಕೆ ಅನ್ನೋದು ತಿಳಿಯಬೇಕಾದರೆ ಉಳಿದ ಎರಡು ಮನೆಗಳ ಕಥೆಯನ್ನೂ ಕೇಳಬೇಕು.

ನಾನು ಧಾರವಾಡದವಳು. ಈಗ ಇರುವುದು ಲಂಡನ್ನಿನ ಪಶ್ಚಿಮಕ್ಕೆ, ರೈಲಿನಲ್ಲಿ ಅರ್ಧ ಗಂಟೆ ದೂರದ ಊರಲ್ಲಿ. ಗಂಡನ ಜೊತೆ ಬಂದಿದ್ದೆ, ಈಗ ನಾನು, ಮಗಳು ಇಬ್ಬರೇ. ಒಂದು ಕೇರ್ ಹೋಮ್‌ನಲ್ಲಿ ವಾರಕ್ಕೆ 24 ಗಂಟೆ ಕೆಲಸ. ಆ ಸಂಬಳದಲ್ಲಿ ಇಲ್ಲಿ ಎರಡು ಬೆಡ್‌ರೂಮ್ ಮನೆಯ ಬಾಡಿಗೆ ಕಟ್ಟೋದು ಆಗದ ಮಾತು. ಯೂನಿವರ್ಸಲ್ ಕ್ರೆಡಿಟ್ ಅನ್ನೋ ಸರ್ಕಾರಿ ನೆರವಿನಲ್ಲಿ ಬಾಡಿಗೆಗೆ ಅಂತಲೇ ಒಂದು ಪಾಲು ಇರುತ್ತದೆ. ಹಿಂದೆ ಅದನ್ನು ಹೌಸಿಂಗ್ ಬೆನಿಫಿಟ್ ಅಂತ ಬೇರೆಯಾಗಿ ಕೊಡುತ್ತಿದ್ದರು, ಜನರ ಬಾಯಲ್ಲಿ ಈಗಲೂ ಅದೇ ಹೆಸರು.

ವರ್ಕ್ ವೀಸಾದ ಮೇಲೆ ಇರುವವರು ಇದನ್ನು ಓದಿ ಅರ್ಜಿ ಹಾಕೋಕೆ ಹೋಗಬೇಡಿ. ವೀಸಾದಲ್ಲಿ 'ನೋ ಪಬ್ಲಿಕ್ ಫಂಡ್ಸ್' ಅಂತ ಇದ್ದರೆ ಇದು ನಿಮಗಲ್ಲ, ಹಾಕಿದರೆ ವೀಸಾಗೇ ತೊಂದರೆ. ನಾನು ಹಾಕಿದ್ದು ಇಲ್ಲೇ ಪರ್ಮನೆಂಟಾಗಿ ಇರುವ ಅನುಮತಿ ಸಿಕ್ಕ ಮೇಲೆ. ಬ್ಯಾಂಕಿನಲ್ಲಿ 16,000 ಪೌಂಡ್ ಮೀರಿ ಉಳಿತಾಯ ಇದ್ದರೂ ಸಿಗುವುದಿಲ್ಲ. ಆ ಚಿಂತೆ ನನಗೆ ಯಾವತ್ತೂ ಬರಲಿಲ್ಲ ಬಿಡಿ.

ಮೊದಲನೆಯದು ಖಾಸಗಿ ಓನರ್ ಮನೆ. 2021ರ ಆಗಸ್ಟ್‌ನಲ್ಲಿ ಹೋದೆ, ತಿಂಗಳಿಗೆ 1,100 ಪೌಂಡ್. ಅಡ್ವಾನ್ಸ್ ಐದು ವಾರದ ಬಾಡಿಗೆಯಷ್ಟು. ಇಲ್ಲಿ 2019ರಿಂದ ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬೆಂಗಳೂರಿನಲ್ಲಿ ಮನೆ ಮಾಡಿದ್ದವಳಿಗೆ ಇದು ಸ್ವರ್ಗ ಅನ್ನಿಸಿತ್ತು. ನೆಲಕ್ಕೆಲ್ಲ ಕಂದು ಬಣ್ಣದ ಕಾರ್ಪೆಟ್, ಅಡುಗೆಮನೆಯಲ್ಲಿ ಒಲೆ, ಫ್ರಿಜ್ಜು ಎಲ್ಲಾ ಇತ್ತು.

ತೊಂದರೆ ಇದ್ದದ್ದು ಲೆಕ್ಕದಲ್ಲಿ. ಖಾಸಗಿ ಮನೆಗೆ ಎಷ್ಟು ನೆರವು ಕೊಡಬೇಕು ಅನ್ನೋಕೆ ಎಲ್‌ಎಚ್‌ಎ ಅಂತ ಒಂದು ಮಿತಿ ಇದೆ. ನಿಮ್ಮ ಭಾಗದ ಖಾಸಗಿ ಬಾಡಿಗೆಗಳನ್ನೆಲ್ಲ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿದರೆ, ನೂರರಲ್ಲಿ 30ನೆಯದು ಎಷ್ಟೋ ಅಷ್ಟಕ್ಕೇ ಮಿತಿ. 2011ಕ್ಕೆ ಮೊದಲು ಅದು 50ನೆಯದು, ಅಂದರೆ ಸರಿಯಾಗಿ ನಡುವಿನದು. 2010ರ ಬಜೆಟ್‌ನಲ್ಲಿ ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಅದನ್ನು ಕೆಳಗೆ ತಂದರು. ಹೋಗಲಿ, ಆ 30ನೆಯದನ್ನಾದರೂ ವರ್ಷ ವರ್ಷ ಸರಿಯಾಗಿ ಲೆಕ್ಕ ಹಾಕುತ್ತಾರಾ? 2016ರಿಂದ ನಾಲ್ಕು ವರ್ಷ ಅಲುಗಿಸಲಿಲ್ಲ. 2020ರಲ್ಲಿ ಕೊರೊನಾ ಸಮಯಕ್ಕೆ ಒಮ್ಮೆ ಸರಿ ಮಾಡಿದರು. ಮತ್ತೆ 2024ರವರೆಗೆ ಹಾಗೇ ಬಿಟ್ಟರು. ಆ ನಾಲ್ಕು ವರ್ಷಗಳಲ್ಲಿ ಬಾಡಿಗೆ ಏನು ಸುಮ್ನೆ ಕೂತಿತ್ತಾ?

ನಾನು ಹೋದಾಗಲೇ ಮಿತಿಗೂ ಬಾಡಿಗೆಗೂ 130 ಪೌಂಡ್ ಅಂತರ. 2023ರ ಏಪ್ರಿಲ್‌ನಲ್ಲಿ ಓನರ್ ಬಾಡಿಗೆಯನ್ನು 1,280ಕ್ಕೆ ಏರಿಸಿದರು. ಮಿತಿ ಮಾತ್ರ ಇದ್ದಲ್ಲೇ. ಅಂತರ 310 ಆಯಿತು. ಸಂಬಳದಲ್ಲಿ ತೆಗೆದಿಡಬೇಕಾದ ಬಾಡಿಗೆ ಪಾಲಿನ ಮೇಲೆ ಇದು ಬೇರೆ. ಒಟ್ಟು 29 ತಿಂಗಳು ಇದ್ದೆ, ಈ ಅಂತರಕ್ಕೇ ಕಟ್ಟಿದ್ದು 5,390 ಪೌಂಡ್. ಮಗಳ ಸ್ಕೂಲ್ ಶೂ ಕೊಳ್ಳೋಕೆ ಎರಡು ತಿಂಗಳು ಮುಂದೂಡಿದ್ದು ಈ ಲೆಕ್ಕದಲ್ಲಿ ಸೇರಿಲ್ಲ.

ಇನ್ನೊಂದು ಕಿರಿಕಿರಿ ತಾರೀಖಿನದು. ಬಾಡಿಗೆ 1ನೇ ತಾರೀಖು ಕಟ್ಟಬೇಕು, ನೆರವು ಬರೋದು 19ಕ್ಕೆ. ಏಜೆಂಟ್‌ನ ಮೆಸೇಜ್ 2ನೇ ತಾರೀಖು ಬೆಳಿಗ್ಗೆ ಹಾಜರ್.

ಇಲ್ಲಿನ ಟಿವಿಯಲ್ಲಿ ಈ ವಿಷಯದ ಜಗಳ ವರ್ಷಗಟ್ಟಲೆ ನಡೆದಿದೆ. ತೆರಿಗೆ ಹಣ ಓನರುಗಳ ಜೇಬಿಗೆ ಹೋಗುತ್ತಿದೆ, ನೆರವಿಗೆ ಮಿತಿ ಹಾಕಿದರೆ ಬಾಡಿಗೆ ತಾನಾಗೇ ಇಳಿಯುತ್ತದೆ ಅಂತ ಒಂದು ವಾದ. ಮೊದಲರ್ಧ ನನಗೂ ಒಪ್ಪಿಗೆ. ಎರಡನೆಯ ಅರ್ಧ ನನ್ನ ವಿಷಯದಲ್ಲಿ ನಡೆಯಲಿಲ್ಲ. ಸರ್ಕಾರವೇ ಮಾಡಿಸಿದ ಅಧ್ಯಯನದಲ್ಲೂ 2011ರ ಕಡಿತದ ಹೆಚ್ಚಿನ ಭಾರ ಬಿದ್ದದ್ದು ಬಾಡಿಗೆದಾರರ ಮೇಲೆ, ಓನರುಗಳ ಮೇಲಲ್ಲ ಅಂತ ಬಂತು. ನನಗೆ ಅದನ್ನು ಓದುವ ಅಗತ್ಯ ಇರಲಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕಿತ್ತು.

ಓನರ್ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಸಾಲ ಮಾಡಿ ಕೊಂಡಿದ್ದರು. 2022ರಿಂದ ಬಡ್ಡಿ ಏರಿತು. ಬಡ್ಡಿಯನ್ನು ಪೂರ್ತಿ ಖರ್ಚು ಅಂತ ತೋರಿಸಿ ತೆರಿಗೆ ಉಳಿಸುವ ಸೌಲಭ್ಯವನ್ನೂ 2017ರಿಂದ 2020ರ ಒಳಗೆ ಹಂತಹಂತವಾಗಿ ತೆಗೆದಿದ್ದರು. 'ನನಗೇನೂ ಉಳಿಯೋದಿಲ್ಲಮ್ಮ' ಅನ್ನೋ ಧಾಟಿಯಲ್ಲೇ ಅವರು ಮಾತಾಡುತ್ತಿದ್ದರು. ತಿಂಗಳ ಲೆಕ್ಕದಲ್ಲಿ ನಿಜವೇ ಇರಬಹುದು. ಆದರೆ ಸಾಲ ತೀರಿದ ದಿನ ಮನೆ ಅವರದು. ತೀರಿಸಿದ್ದು ಸ್ವಲ್ಪ ಸರ್ಕಾರ, ಸ್ವಲ್ಪ ನಾನು.

2023ರ ಆಗಸ್ಟ್‌ನಲ್ಲಿ ಮನೆ ಮಾರುತ್ತೇನೆ ಅಂತ ನೋಟಿಸ್ ಕೊಟ್ಟರು. ಆಗ ಸೆಕ್ಷನ್ 21 ಅಂತ ಇತ್ತು, ಕಾರಣವನ್ನೇ ಹೇಳದೆ ಎರಡು ತಿಂಗಳ ನೋಟಿಸ್ ಕೊಡಬಹುದಿತ್ತು. 2025ರ ಕಾಯ್ದೆಯಲ್ಲಿ ಅದನ್ನು ತೆಗೆದಿದ್ದಾರೆ, ನನಗೆ ಅದು ತಡವಾಯಿತು. ಬೇರೆ ಮನೆ ಅಂತ 14 ಕಡೆ ನೋಡಿದೆ. ಮಿತಿಯ ಒಳಗೆ ಒಂದೂ ಇರಲಿಲ್ಲ. ನೆರವು ತಗೊಳ್ಳುವವರಿಗೆ ಮನೆ ಇಲ್ಲ ಅಂತ ಬೋರ್ಡ್ ಹಾಕೋದು ಕಾನೂನುಬಾಹಿರ ಅಂತ 2020ರಲ್ಲೇ ಇಲ್ಲಿನ ಕೋರ್ಟ್ ಹೇಳಿದೆ. ಅದಕ್ಕೆ ಯಾರೂ ಹಾಗೆ ಹೇಳೋದಿಲ್ಲ. ತಿಂಗಳ ಬಾಡಿಗೆಯ 30 ಪಟ್ಟು ವರ್ಷದ ಆದಾಯ ತೋರಿಸಿ ಅಂತ ನಗುನಗುತ್ತಾ ಹೇಳುತ್ತಾರೆ. ಬಾಗಿಲು ಅದೇ ಬಾಗಿಲು, ಚಿಲಕ ಬೇರೆ ಅಷ್ಟೇ.

ಡಿಸೆಂಬರ್ ಕೊನೆಗೆ ಹೊರಗೆ. ಅಡ್ವಾನ್ಸ್‌ನಲ್ಲಿ 180 ಪೌಂಡ್ ಮುರಿದುಕೊಂಡರು, ಬೆಡ್‌ರೂಮಿನ ಕಿಟಕಿಯ ಕೆಳಗೆ ಕಾರ್ಪೆಟ್ ಮೇಲೆ ಅರಿಶಿನದ ಕಲೆ ಆಗಿತ್ತು ಅಂತ. ಕಲೆ ಆಗಿದ್ದು ನಿಜ, ಮಗಳಿಗೆ ಕೆಮ್ಮು ಬಂದಾಗ ಅರಿಶಿನದ ಹಾಲು ಚೆಲ್ಲಿದ್ದು. ಕಾರ್ಪೆಟ್ ಬದಲಿಸಬೇಕು ಅಂದರು. ಮೇಲ್ಮನವಿ ಹಾಕಬಹುದಿತ್ತು, ಶಕ್ತಿ ಇರಲಿಲ್ಲ.

ಎರಡನೆಯದು ತಾತ್ಕಾಲಿಕ ಮನೆ, ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ ಕೊಟ್ಟಿದ್ದು. 11 ವಾರ ಇದ್ದೆ. ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ, ಒಂದು ರೂಮು, ಗೋಡೆ ಮೇಲೆ ಬೂಷ್ಟು, ಬಟ್ಟೆ ಒಣಗದು. ಹೇಳಬೇಕಾದ್ದು ದರ ಮಾತ್ರ. ಕಾಗದದಲ್ಲಿ ನೋಡಿದೆ, ರಾತ್ರಿಗೆ 58 ಪೌಂಡ್. 30 ರಾತ್ರಿಗೆ 1,740. ಅದೂ ಖಾಸಗಿ ಓನರ್‌ದೇ ಕಟ್ಟಡ. 310 ಪೌಂಡ್ ಅಂತರ ತುಂಬೋಕೆ ದುಡ್ಡಿಲ್ಲ ಅಂದ ವ್ಯವಸ್ಥೆಗೆ ನಾನು ಬೀದಿಗೆ ಬಂದ ಮೇಲೆ ಇಷ್ಟು ದುಡ್ಡು ಸಿಕ್ಕಿತು. ತಮಾಷೆ ಏನೆಂದರೆ, ಇಂಥ ಮನೆಗಳಿಗೆ ಕೇಂದ್ರ ಸರ್ಕಾರ ಕೌನ್ಸಿಲ್‌ಗೆ ತುಂಬಿಕೊಡೋದು 2011ರ ಎಲ್‌ಎಚ್‌ಎ ದರದ 90% ಮಾತ್ರ. ಉಳಿದದ್ದು ಕೌನ್ಸಿಲ್ ತಲೆ ಮೇಲೆ. 2023-24ರಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ಗಳೆಲ್ಲ ಸೇರಿ ತಾತ್ಕಾಲಿಕ ಮನೆಗಳಿಗೆ ಸುಮಾರು 230 ಕೋಟಿ ಪೌಂಡ್ ಸುರಿದವು. ಓನರ್ ಲಾಭದ ಬಗ್ಗೆ ಕೂಗಾಡುವವರು ಈ ಬಿಲ್ಲನ್ನೂ ಸ್ವಲ್ಪ ನೋಡಬೇಕು ಅಲ್ವಾ?

ಮೂರನೆಯದು ಈಗಿನ ಮನೆ. 2024ರ ಮಾರ್ಚ್ ನಡುವಿನಲ್ಲಿ ಬಂದೆ. ಹಳೆ ಮನೆಯಿಂದ ಎರಡೇ ಬೀದಿ ಆಚೆ. ಎರಡೂ ಕೌನ್ಸಿಲ್ ಒಂದೇ ಕಾಲಕ್ಕೆ ಕಟ್ಟಿಸಿದ ಕಟ್ಟಡಗಳು. ಅದೇ ಮೆಟ್ಟಿಲು, ಅದೇ ಕಿಟಕಿ, ಬಚ್ಚಲುಮನೆಯ ಬಾಗಿಲು ಕೂಡ ಅದೇ ಕಡೆಗೆ ತೆಗೆಯುತ್ತದೆ. ಹಳೆ ಮನೆಯನ್ನು ಪ್ರಧಾನಿ ಥ್ಯಾಚರ್ ಕಾಲದ 1980ರ ಕಾಯ್ದೆಯಲ್ಲಿ ಆಗಿನ ಬಾಡಿಗೆದಾರರು ಅಗ್ಗಕ್ಕೆ ಕೊಂಡಿದ್ದರು, ಆಮೇಲೆ ಕೈ ಬದಲಾಗಿ ನನ್ನ ಓನರ್‌ಗೆ ಬಂತು. ಈಗಿನದು ಮಾರಾಟವಾಗದೆ ಉಳಿದು ಅಸೋಸಿಯೇಷನ್ ಪಾಲಿಗೆ ಬಂತು. ಅದಕ್ಕೆ 1,280, ಇದಕ್ಕೆ ವಾರಕ್ಕೆ 134, ಅಂದರೆ ತಿಂಗಳಿಗೆ ಸುಮಾರು 581. ಇಲ್ಲಿಗೆ ಎಲ್‌ಎಚ್‌ಎ ಮಿತಿ ಅನ್ವಯಿಸೋದಿಲ್ಲ, ಪೂರ್ತಿ ಬಾಡಿಗೆಯನ್ನೇ ಲೆಕ್ಕಕ್ಕೆ ತಗೊಳ್ಳುತ್ತಾರೆ. ಆದರೂ ಸರ್ಕಾರಕ್ಕೆ ಖರ್ಚು ಕಮ್ಮಿ. ಬೆಡ್‌ರೂಮ್ ಒಂದು ಜಾಸ್ತಿ ಇದ್ದರೆ 14% ಕಡಿತ ಇದೆ, ನಮಗೆ ಇಬ್ಬರಿಗೆ ಎರಡೇ, ಆ ಭಯ ಇಲ್ಲ.

ಇನ್ನು ನೆಲದ ಕಥೆ. ಕೀಲಿ ತಗೊಂಡು ಒಳಗೆ ಕಾಲಿಟ್ಟರೆ ಬರೀ ಕಾಂಕ್ರೀಟು. ಹಿಂದಿನವರ ಕಾರ್ಪೆಟ್ ಕಿತ್ತು ಹಾಕಿದ್ದರು, ಒಣಗಿದ ಗೋಂದಿನ ಕಪ್ಪು ಪಟ್ಟಿಗಳು ಹಾಗೇ. ಗೋಡೆಯ ಅಂಚಿಗೆ ಕಾರ್ಪೆಟ್ ಹಿಡಿದಿಡೋಕೆ ಮುಳ್ಳುಮೊಳೆ ಹೊಡೆದ ಮರದ ಪಟ್ಟಿ ಇರುತ್ತದಲ್ಲ, ಅದನ್ನು ಮಾತ್ರ ಬಿಟ್ಟು ಹೋಗಿದ್ದರು. ಮಗಳ ಹಿಮ್ಮಡಿಗೆ ಮೊದಲ ದಿನವೇ ಚುಚ್ಚಿತು. ಕೇಳಿದರೆ ಇಲ್ಲಿ ಇದೇ ಪದ್ಧತಿಯಂತೆ. ಸ್ವಚ್ಛತೆಗಾಗಿ ಹಳೇದನ್ನು ತೆಗೆಯುತ್ತಾರೆ, ಹೊಸದು ಬಾಡಿಗೆದಾರರೇ ಹಾಕಿಸಬೇಕು.

ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಬಡ್ಡಿ ಇಲ್ಲದ ಮುಂಗಡ ಸಾಲ ಕೊಡುತ್ತಾರೆ, ಮಕ್ಕಳಿದ್ದರೆ 812 ಪೌಂಡ್‌ವರೆಗೆ. ಖುಷಿಯಿಂದ ಕೇಳಿದೆ. ಕಳೆದ ಆರು ತಿಂಗಳಲ್ಲಿ 2,600 ಪೌಂಡ್‌ಗಿಂತ ಜಾಸ್ತಿ ದುಡಿದಿದ್ದೀರಿ, ಸಿಗೋದಿಲ್ಲ ಅಂದರು. ಬಾಡಿಗೆ ಕಟ್ಟೋಕೆ ಸಾಲದ ಸಂಬಳ ಸಾಲ ಕೊಡೋಕೆ ಜಾಸ್ತಿ ಆಯಿತು.

ಒಂದು ತಿಂಗಳು ಹಾಗೇ ಕಳೆದೆವು. ಮಾರ್ಚ್ ಅಂದರೂ ಇಲ್ಲಿ ಚಳಿಯೇ. ಅವ್ವ ಕೊಟ್ಟಿದ್ದ ನವಲಗುಂದದ ಜಮಖಾನ ಸೂಟ್‌ಕೇಸಿನ ತಳದಲ್ಲಿ ಇತ್ತು, ನೆಂಟರು ಬಂದಾಗ ಹಾಸೋಕೆ ಅಂತ ಇಟ್ಟಿದ್ದು. ಅದನ್ನು ಮಗಳ ಹಾಸಿಗೆಯ ಪಕ್ಕ ಹಾಸಿದೆ. ಕೆಂಪು, ಹಳದಿ ಪಟ್ಟೆಗಳು ಆ ಬೂದಿ ನೆಲದ ಮೇಲೆ ಹೊಳೆಯುತ್ತಿದ್ದವು. ಉಳಿದ ಕಡೆ ಸಾಕ್ಸಿನ ಮೇಲೆ ಸಾಕ್ಸು.

ಒಂದು ಭಾನುವಾರ ಕುಟ್ಟಾಣಿಯಲ್ಲಿ ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದೆ. ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಅಜ್ಜ. ಸಿಟ್ಟೇನೂ ಮಾಡಲಿಲ್ಲ, ರಸ್ತೆ ಕೆಲಸ ನಡೆದಿದೆಯಾ ಅಂತ ಕೇಳಿದರು. ನೆಲ ತೋರಿಸಿದೆ. ನೋಡಿ ತಲೆ ಆಡಿಸಿ, ಕಾರ್ಪೆಟ್ ಅಂಗಡಿಗಳಲ್ಲಿ ರೋಲ್ ಕೊನೆಯ ತುಂಡು ಅರ್ಧ ಬೆಲೆಗೆ ಸಿಗುತ್ತದೆ, ರೂಮಿನ ಅಳತೆ ಬರೆದುಕೊಂಡು ಹೋಗು ಅಂದರು. ಹಾಗೇ ಮಾಡಿದೆ. ಎರಡು ಬೆಡ್‌ರೂಮಿಗೆ ತುಂಡು ಕಾರ್ಪೆಟ್, ಹಾಲ್‌ಗೆ ವಿನೈಲ್, ಅಡಿ ಹಾಸು, ಹಾಕುವವನ ಕೂಲಿ, ಎಲ್ಲಾ ಸೇರಿ 560 ಪೌಂಡ್. ಸೆಕೆಂಡ್ ಹ್ಯಾಂಡ್ ಒಲೆಗೆ 90. ಆ ತಿಂಗಳು ಕೈ ಖಾಲಿ.

ಆಮೇಲೆ ಲೆಕ್ಕ ಹಾಕಿದೆ. 650 ಪೌಂಡ್ ಅಂದರೆ ಹಳೆ ಮನೆಯಲ್ಲಿ ಎರಡು ತಿಂಗಳು ಕಟ್ಟುತ್ತಿದ್ದ ಅಂತರ, ಮೇಲೆ 30. ಮೂರನೇ ತಿಂಗಳಿಂದ ಉಳಿದದ್ದೆಲ್ಲ ನಮ್ಮದು.

ರಿಪೇರಿ: ಎರಡೂ ಕಡೆ ನಿಧಾನ. ಖಾಸಗಿ ಓನರ್ ಬಾಯ್ಲರ್‌ಗೆ ಆರು ದಿನ, ಅಸೋಸಿಯೇಷನ್ ಐದು ದಿನ. ಮೊಬೈಲ್ ಸಿಗ್ನಲ್: ಹಳೆ ಮನೆಯೇ ವಾಸಿ.

ಸರದಿ ಮಾತ್ರ ದೊಡ್ಡ ಸಮಸ್ಯೆ. ಇಂಥ ಮನೆಗೆ ಅಂತ ಕೌನ್ಸಿಲ್ ಪಟ್ಟಿಯಲ್ಲಿ ಹೆಸರು ಬರೆಸಿ ಎರಡು ವರ್ಷದ ಮೇಲೆ ಕಾದಿದ್ದೆ. ಕೊನೆಗೂ ಸಿಕ್ಕಿದ್ದು ಮನೆ ಕಳಕೊಂಡಿದ್ದಕ್ಕೆ. ಹೇಗಾದರೂ ಕೂಡಲೇ ಮನೆ ಬೇಕು, ಸಂಬಳ ಚೆನ್ನಾಗಿದೆ, ಊರೂರು ಬದಲಿಸೋ ಕೆಲಸ ಅನ್ನುವವರಿಗೆ ಖಾಸಗಿ ಮನೆಯೇ ಸರಿ. ನನ್ನ ಹಾಗೆ ಸ್ಕೂಲು, ಶಿಫ್ಟು, ತಿಂಗಳ ಕೊನೆಯ ಚಿಲ್ಲರೆ ಎಣಿಸುವವರು ಇವತ್ತೇ ಹೆಸರು ಬರೆಸಿ, ಎಷ್ಟು ವರ್ಷ ಆದರೂ ಆಗಲಿ.

2025ರ ಏಪ್ರಿಲ್‌ನಲ್ಲಿ ಅಸೋಸಿಯೇಷನ್‌ನಿಂದ ಕಾಗದ ಬಂತು. ಬಾಡಿಗೆ 2.7% ಏರಿಕೆ, ವಾರಕ್ಕೆ 137 ಪೌಂಡ್ 62 ಪೆನ್ಸ್. ಅದೇ ತಿಂಗಳು ಎಲ್‌ಎಚ್‌ಎ ದರವನ್ನು ಮತ್ತೆ ಏರಿಸಲಿಲ್ಲ. ಕುತೂಹಲಕ್ಕೆ ಹಳೆ ಮನೆಯ ಬೀದಿಯ ಜಾಹೀರಾತು ತೆಗೆದು ನೋಡಿದೆ. ಮಾರಾಟಕ್ಕೆ ಅಂದಿದ್ದ ಮನೆ ಬಾಡಿಗೆಗೆ ಇತ್ತು, ತಿಂಗಳಿಗೆ 1,495. ಎಂಟು ಫೋಟೋ ಹಾಕಿದ್ದರು. ಆರನೆಯದು ಬೆಡ್‌ರೂಮು, ದೊಡ್ಡದು ಮಾಡಿ ನೋಡಿದೆ. ಅದೇ ಕಂದು ಕಾರ್ಪೆಟ್. ಕಿಟಕಿಯ ಕೆಳಗೆ, ಹೀಟರ್ ಪಕ್ಕದಲ್ಲಿ, ನಮ್ಮ ಅರಿಶಿನದ ಕಲೆ ಹಾಗೇ ಇತ್ತು.