ಆಯುಧಪೂಜೆಗೆ ಎಂಜಿನ್ ತೊಳೆಸುವ ಮುಂಚೆ ಇದನ್ನೊಮ್ಮೆ ಓದಿ

ಆಯುಧಪೂಜೆ ಹತ್ತಿರ ಬರ್ತಾ ಇದೆ. ಇನ್ನು ಬೀದಿ ಬೀದಿಯಲ್ಲೂ ಗಾಡಿ ತೊಳೆಯುವ ಸಡಗರ ಶುರುವಾಗುತ್ತದೆ. ಗಾಡಿಯ ಹೊರಮೈಗೆ ನೀರು ಹಾಕಿ, ಅದಕ್ಕೇನೂ ಆಗುವುದಿಲ್ಲ. ಆದರೆ ಬಾನೆಟ್ ಎತ್ತಿ ಎಂಜಿನ್ ಮೇಲೆ ಪ್ರೆಶರ್ ಗನ್ ಹಿಡಿಯಲು ಬಂದವರನ್ನು ದಯವಿಟ್ಟು ತಡೆಯಿರಿ. ಮನೆಗೇ ಬಂದು ತೊಳೆದುಕೊಡುವವರಾಗಲಿ, ವಾಟರ್ ಸರ್ವಿಸ್‌ನವರಾಗಲಿ, ಎಷ್ಟೇ ಧೈರ್ಯ ಹೇಳಿದರೂ ಒಪ್ಪಬೇಡಿ. ನಮ್ಮ ಮನೆಯಲ್ಲಿ ಏನಾಯಿತು ಅಂತ ಪೂರ್ತಿ ಹೇಳುತ್ತೇನೆ.

ಕಾರು ನಮ್ಮ ಭಾವನದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ. ತುಮಕೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಓಡಾಡುವುದು ಅದರಲ್ಲೇ. ಹೈವೇ ಧೂಳು ಬಾನೆಟ್ ಒಳಗೆಲ್ಲ ಮೆತ್ತಿಕೊಂಡಿದ್ದು ನಿಜ. ಹಬ್ಬದ ಹಿಂದಿನ ಸಂಜೆ ಇಬ್ಬರು ಹುಡುಗರು ಬಂದರು. ನೀರಿನ ಟ್ಯಾಂಕು, ಪ್ರೆಶರ್ ಮಷೀನು, ನೊರೆ ಹೊಡೆಯುವ ಬಾಟಲಿ ಎಲ್ಲ ಅವರ ವ್ಯಾನಿನಲ್ಲೇ ಇತ್ತು. ಭಾವ ಆಗಷ್ಟೇ ಬೆಂಗಳೂರಿನಿಂದ ಬಂದು ಗಾಡಿ ನಿಲ್ಲಿಸಿ ಸ್ನಾನಕ್ಕೆ ಹೋಗಿದ್ದರು. ಎಂಜಿನ್ ಮುಟ್ಟಿದರೆ ಸುಡುತ್ತಿತ್ತು.

"ಸ್ವಲ್ಪ ಆರಲಿ ತಡೀರಪ್ಪ, ಅಷ್ಟರಲ್ಲಿ ಟೀ ಕುಡೀರಿ" ಅಂದಳು ಅಕ್ಕ.

"ಏನೂ ಆಗಲ್ಲ ಅಕ್ಕಾ, ಬಿಸಿ ಇದ್ರೇನೇ ಜಿಡ್ಡು ಬೇಗ ಬಿಡೋದು. ದಿನಾ ಇದೇ ಕೆಲಸ ನಮ್ದು" ಅಂದ ಅವರಲ್ಲಿ ದೊಡ್ಡವನು.

ಯಾವುದಕ್ಕೂ ಪ್ಲಾಸ್ಟಿಕ್ ಕಟ್ಟಲಿಲ್ಲ. ಬ್ಯಾಟರಿ ಬಿಚ್ಚಲಿಲ್ಲ. ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಕಿತ್ತು ಪಕ್ಕಕ್ಕಿಟ್ಟರು. ನೊರೆ ಹೊಡೆದರು. ಗನ್ನನ್ನು ಒಂದು ಗೇಣು ದೂರದಲ್ಲಿ ಹಿಡಿದು ಮೂಲೆ ಮೂಲೆಗೂ ನೀರು ಬಿಟ್ಟರು. ಬುಸ್ಸೆಂದು ಹಬೆ ಎದ್ದಿತು. ಕೊನೆಗೆ ಹೊಳಪು ಬರಲಿ ಅಂತ ಯಾವುದೋ ಸ್ಪ್ರೇ, ಪೈಪಿಗೂ ಬೆಲ್ಟಿಗೂ ಸೇರಿಸಿ ಹೊಡೆದರು. ಸ್ಟಾರ್ಟ್ ಮಾಡಿ ತೋರಿಸಿದರು. ಎಂಜಿನ್ ಚೆನ್ನಾಗೇ ಓಡಿತು. ದುಡ್ಡು ಇಸ್ಕೊಂಡು ಹೊರಟರು.

ಬೆಳಗ್ಗೆ ಪೂಜೆ. ಕುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಭಾವ ಕೀ ತಿರುಗಿಸಿದರು. ಗಾಡಿ ಸ್ಟಾರ್ಟ್ ಆಯಿತು, ಆದರೆ ಸ್ಟೇರಿಂಗ್ ಸಮೇತ ಗಡಗಡ ನಡುಗುತ್ತಿತ್ತು. ಬೆಲ್ಟಿನಿಂದ ಕಿರ್ರೆಂದು ಸದ್ದು. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿಣುಕುತ್ತಿತ್ತು. ನಿಂಬೆಹಣ್ಣು ದಾಟಿಸುವಷ್ಟರಲ್ಲಿ ಸಾಕುಸಾಕಾಯಿತು. ಭಾವ ಅಲ್ಲೇ ಆಫ್ ಮಾಡಿದರು. ದೇವಸ್ಥಾನಕ್ಕೆ ಆಟೋದಲ್ಲಿ ಹೋದೆವು.

ಆಫ್ ಮಾಡಿದ್ದು ತುಂಬಾ ಒಳ್ಳೆಯದಾಯಿತು. ಈ ಒಂದು ವಿಷಯ ಎಲ್ಲ ಪೆಟ್ರೋಲ್ ಕಾರಿನವರಿಗೂ ಗೊತ್ತಿರಬೇಕು. ಆ ಹಳದಿ ದೀಪ ಮಿಣುಕದೆ ಒಂದೇ ಸಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಣುಕುತ್ತಿದ್ದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುತ್ತಿಲ್ಲ ಅಂತ ಅರ್ಥ. ಉರಿಯದ ಪೆಟ್ರೋಲ್ ನೇರ ಸೈಲೆನ್ಸರ್ ಲೈನಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಅದರ ಒಳಗಿನ ಜೇನುಗೂಡಿನಂಥ ಭಾಗ ಕರಗಿಹೋದರೆ ಖರ್ಚು ಎಲ್ಲಿಗೋ ಮುಟ್ಟುತ್ತದೆ. ಹಾಗಾಗಿ ದೀಪ ಮಿಣುಕಿದರೆ ಗಾಡಿ ಓಡಿಸಲೇಬೇಡಿ.

ಹಬ್ಬ ಮುಗಿದ ಮೇಲೆ ಪರಿಚಯದ ಮೆಕ್ಯಾನಿಕ್ ಮನೆಗೇ ಬಂದರು. ಸ್ಕ್ಯಾನರ್ ಹಾಕಿದರೆ ಪಿ0303 ಅಂತ ಕೋಡ್. ಕೊನೆಯ ಅಂಕಿ ಯಾವ ಸಿಲಿಂಡರ್ ಅಂತ ಹೇಳುತ್ತದೆ. ಮೂರನೆಯದು ಮಿಸ್ ಹೊಡೆಯುತ್ತಿದೆ. ಹತ್ತರ ಬೋಲ್ಟ್ ಬಿಚ್ಚಿ ಆ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಹಿಡಿದು ಮೇಲಕ್ಕೆ ಎಳೆದರು. ಉದ್ದನೆಯ ರಬ್ಬರ್ ಕೊಳವೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಅಲ್ಲಾಡಿಸಿ ಅಲ್ಲಾಡಿಸಿ ಎಳೆದ ಮೇಲೆ ಬಂತು. ತುದಿಯಿಂದ ಕಂದು ನೀರು ತೊಟ್ಟಿಕ್ಕಿತು. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ ಕೂರುವ ಆ ಆಳದ ಗುಂಡಿಯಲ್ಲಿ ನೀರು ನಿಂತಿದೆ, ಮೇಲೆ ಸೋಪಿನ ನೊರೆ ಇನ್ನೂ ಇದೆ! ಕಾಯಿಲ್ ಒಳಗಿನ ಸ್ಪ್ರಿಂಗ್ ಆಗಲೇ ತುಕ್ಕು ಹಿಡಿದು ಕೆಂಪಾಗಿತ್ತು.

ಅವರು ತಕ್ಷಣ ಪ್ಲಗ್ ಬಿಚ್ಚಲಿಲ್ಲ. ಮೊದಲು ಗಾಳಿ ಹೊಡೆದು ನೀರೆಲ್ಲ ಹೊರಗೆ ಹಾಕಿದರು. ನೀರು ನಿಂತಿರುವಾಗಲೇ ಪ್ಲಗ್ ತಿರುಗಿಸಿದರೆ ಅಷ್ಟೂ ನೀರು ಸಿಲಿಂಡರಿಗೆ ಇಳಿಯುತ್ತದೆ. ಪ್ಲಗ್ ಹೊರಗೆ ಬಂದ ಮೇಲೆ ತೋರಿಸಿದರು. ಅದರ ಬಿಳಿ ಪಿಂಗಾಣಿಯ ಉದ್ದಕ್ಕೂ ಪೆನ್ಸಿಲಿನಲ್ಲಿ ಎಳೆದ ಹಾಗೆ ಒಂದು ಸಣ್ಣ ಕಪ್ಪು ಗೆರೆ. ಕರೆಂಟು ತುದಿಗೆ ಹೋಗಿ ಕಿಡಿ ಹಾರಿಸುವ ಬದಲು ಒದ್ದೆ ಮೈ ಮೇಲಿಂದಲೇ ಹರಿದು ಸುಟ್ಟ ಗುರುತು ಅದು. ಒಮ್ಮೆ ಈ ಗೆರೆ ಬಿದ್ದರೆ ಒಣಗಿಸಿ ಹಾಕಿ ಪ್ರಯೋಜನವಿಲ್ಲ, ಕರೆಂಟು ಮತ್ತೆ ಮತ್ತೆ ಅದೇ ದಾರಿ ಹಿಡಿಯುತ್ತದೆ. ಕಾಯಿಲ್, ಪ್ಲಗ್, ಬೆಲ್ಟ್, ಕೂಲಿ ಎಲ್ಲ ಸೇರಿ ಏಳು ಸಾವಿರದ ಮೇಲಾಯಿತು. ದೀಪಾವಳಿ ಕಳೆದ ಮೇಲೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಿಂದಲೂ ಗುರ್ ಅನ್ನುವ ಸದ್ದು ಶುರುವಾಯಿತು. ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದರೆ ಬೇರಿಂಗ್ ತುಕ್ಕು.

ತೊಳೆದವರಿಗೆ ಫೋನ್ ಮಾಡಿದರೆ "ಹೋಗುವಾಗ ಸ್ಟಾರ್ಟ್ ಮಾಡಿ ತೋರಿಸಿದ್ದೀವಲ್ಲ ಸಾರ್" ಅಂದರು. ಆಮೇಲೆ ಫೋನ್ ಎತ್ತಲಿಲ್ಲ. ತೋರಿಸಿದ್ದು ನಿಜವೇ. ಆದರೆ ಸಂಜೆ ಸರಿ ಓಡಿದ ಗಾಡಿ ಬೆಳಗ್ಗೆ ಯಾಕೆ ಕೆಟ್ಟಿತು ಅನ್ನೋದೇ ಇಲ್ಲಿ ಮುಖ್ಯ. ಓಡಿ ಬಂದ ಎಂಜಿನ್ನಿನ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಸುಮಾರು 90 ಡಿಗ್ರಿ ಬಿಸಿ ಇರುತ್ತದೆ. ಪ್ಲಗ್ ಗುಂಡಿಯಲ್ಲಿ, ವೈರಿನ ಕನೆಕ್ಟರುಗಳಲ್ಲಿ ಇರುವ ಗಾಳಿಯೂ ಬಿಸಿಯಾಗಿ ಹಿಗ್ಗಿರುತ್ತದೆ. ಮೇಲೆ ತಣ್ಣೀರು ಬಿದ್ದಾಗ ಆ ಗಾಳಿ ಕುಗ್ಗಿ ಒಳಗಡೆಯಿಂದ ಎಳೆಯುತ್ತದೆ. ಬಿಸಿ ಸಾರಿನ ಸ್ಟೀಲ್ ಡಬ್ಬಿಗೆ ಮುಚ್ಚಳ ಹಾಕಿಟ್ಟರೆ ಆರಿದ ಮೇಲೆ ಕಚ್ಚಿಕೊಳ್ಳುತ್ತದಲ್ವಾ, ಹಾಗೆ. ರಬ್ಬರ್ ಸೀಲ್ ಅಂಚಿನಲ್ಲಿ ನಿಂತ ನೀರನ್ನು ಆ ಎಳೆತ ಒಳಗೆ ಹೀರಿಕೊಳ್ಳುತ್ತದೆ. ರಾತ್ರಿಯೆಲ್ಲ ಎಂಜಿನ್ ಆರುತ್ತಾ ಹೋದಂತೆ ಇದು ನಡೆಯುತ್ತಲೇ ಇರುತ್ತದೆ. ಹಾಗಾಗಿ ತೊಳೆದ ಕೂಡಲೇ ಸ್ಟಾರ್ಟ್ ಮಾಡಿ ತೋರಿಸುವುದಕ್ಕೆ ಏನೂ ಬೆಲೆಯಿಲ್ಲ.

"ಮಳೆಯಲ್ಲಿ ಓಡಿಸಲ್ವಾ, ಎಲ್ಲ ವಾಟರ್‌ಪ್ರೂಫ್ ಇರುತ್ತೆ" ಅನ್ನುವವರು ಜಾಸ್ತಿ. ಮಳೆ ನೀರು ಕೆಳಗಿಂದ ಸಿಡಿಯುತ್ತದೆ, ಬಾನೆಟ್ ಮುಚ್ಚಿರುತ್ತದೆ. ಮನೆ ಬಳಕೆಯ ಪ್ರೆಶರ್ ಮಷೀನಿನ ಒತ್ತಡವೇ 100 ಬಾರ್ ದಾಟುತ್ತದೆ. ಐಪಿ67 (ನೀರು, ಧೂಳು ತಡೆಯುವ ಮಟ್ಟದ ಗುರುತು) ಅಂತ ಬರೆದಿರುವ ಭಾಗವನ್ನು ಪರೀಕ್ಷೆ ಮಾಡಿರುವುದು ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ. ಹತ್ತಿರದಿಂದ ಹೊಡೆಯುವ ಒತ್ತಡದ ನೀರಿಗೆ ಬೇರೆಯೇ ಪರೀಕ್ಷೆ ಇದೆ, ಅದಕ್ಕೆ ಐಪಿ69ಕೆ ಅನ್ನುತ್ತಾರೆ. ಐದಾರು ವರ್ಷ ಬಿಸಿ ತಿಂದು ಗಟ್ಟಿಯಾದ ರಬ್ಬರ್ ಸೀಲುಗಳು ಹೊಸದರ ಹಾಗೆ ತಡೆಯುವುದೂ ಇಲ್ಲ. ಆಲ್ಟರ್ನೇಟರ್ ಅಂತೂ ಗಾಳಿ ಆಡಲಿ ಅಂತ ಸುತ್ತ ಕಿಟಕಿ ಬಿಟ್ಟೇ ಮಾಡಿರುತ್ತಾರೆ. ರೇಡಿಯೇಟರ್ ಮುಂದಿನ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಗನ್ನಿನ ಹೊಡೆತಕ್ಕೆ ಮಡಚಿಕೊಂಡರೆ ಗಾಳಿ ಹಾಯುವುದೇ ನಿಲ್ಲುತ್ತದೆ.

ಡೀಸೆಲ್ ಅಥವಾ ಸೀಮೆಎಣ್ಣೆ ಹೊಡೆದು ಜಿಡ್ಡು ತೆಗೆಯುವ ಹಳೇ ಪದ್ಧತಿ ಇನ್ನೂ ನಿಂತಿಲ್ಲ. ಆ ಕ್ಷಣಕ್ಕೆ ಹೊಳೆಯುತ್ತದೆ, ನಿಜ. ಕೂಲೆಂಟ್ ಪೈಪು, ಬೆಲ್ಟುಗಳಲ್ಲಿರುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿಯ ಭಯ. ಉಳಿದ ಜಿಡ್ಡಿಗೆ ವಾರದಲ್ಲೇ ಮೊದಲಿಗಿಂತ ಜಾಸ್ತಿ ಧೂಳು ಹಿಡಿಯುತ್ತದೆ.

ಹಾಗಂತ ಎಂಜಿನ್ ಕೊಳಕಾಗಿ ಬಿಡಿ ಅಂತ ಹೇಳುತ್ತಿಲ್ಲ. ಮನೆಯಲ್ಲೇ ಮಾಡಿಕೊಳ್ಳಬಹುದು, ಅರ್ಧ ಬಕೆಟ್ ನೀರೂ ಬೇಡ. ಬೆಂಗಳೂರಿನಲ್ಲಿ ಇರುವವರಿಗಂತೂ ಅದೇ ಸರಿ, 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನೆನಪಿರಬಹುದು. ಬೆಳಗ್ಗೆ, ಗಾಡಿ ತೆಗೆಯುವ ಮುಂಚೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಶುರು ಮಾಡಿ. ಕೀ ತೆಗೆದು ಒಳಗಿಡಿ. ಬ್ಯಾಟರಿಯ ಮೈನಸ್ ವೈರು ಮೊದಲು ಬಿಚ್ಚಿ, ಕೊನೆಯಲ್ಲಿ ಅದನ್ನೇ ಹಾಕಿ. ಗಡಿಯಾರ, ರೇಡಿಯೋ ಸೆಟ್ಟಿಂಗ್ ಹೋಗಬಹುದು, ಅಷ್ಟೇ. ಬ್ಯಾಟರಿ ಬಿಚ್ಚದಿದ್ದರೆ ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆ, ಬೆರಳಿಗೆ ಅಪಾಯ.

ಮೊದಲು ಒಣ ಕೆಲಸ. ಗೋಡೆಗೆ ಪೇಂಟ್ ಹೊಡೆಯುವ ಎರಡಿಂಚಿನ ಬ್ರಷ್ ಇದಕ್ಕೆ ತುಂಬಾ ಚೆನ್ನಾಗಿದೆ. ಮೇಲಿನಿಂದ ಕೆಳಕ್ಕೆ ಧೂಳು ಸಡಿಲ ಮಾಡುತ್ತಾ ಬನ್ನಿ, ಜೊತೆಗೆ ಬ್ಲೋವರ್ ಅಥವಾ ವ್ಯಾಕ್ಯೂಮ್ ಇದ್ದರೆ ಹಿಡಿಯಿರಿ. ಅರ್ಧಕ್ಕಿಂತ ಜಾಸ್ತಿ ಕೊಳಕು ಇಷ್ಟರಲ್ಲೇ ಹೋಗುತ್ತದೆ. ವೈಪರ್ ಕೆಳಗಿನ ಜಾಲರಿಯಲ್ಲಿ ಸೇರಿದ ಎಲೆಗಳನ್ನು ಕೈಯಲ್ಲೇ ತೆಗೆಯಿರಿ. ಮರದ ಕೆಳಗೆ ಗಾಡಿ ನಿಲ್ಲಿಸುವವರು, ಮಲೆನಾಡಿನವರು ಇದನ್ನು ಬಿಡಲೇಬೇಡಿ. ಅಲ್ಲಿನ ನೀರು ಹೋಗುವ ತೂತು ಕಟ್ಟಿಕೊಂಡರೆ ಮಳೆ ನೀರು ಗಾಡಿಯೊಳಗೇ ಇಳಿಯಬಹುದು. ಇಲಿ ಹಿಕ್ಕೆ ಕಂಡರೆ ಬ್ರಷ್ ಹಾಕಬೇಡಿ. ಗ್ಲೌಸ್, ಮಾಸ್ಕ್ ಹಾಕಿಕೊಂಡು, ಅದರ ಮೇಲೆ ಸೋಂಕು ನಾಶಕ ಚಿಮುಕಿಸಿ ಒದ್ದೆ ಮಾಡಿ, ಬಟ್ಟೆಯಲ್ಲಿ ಎತ್ತಿ ಬಿಸಾಕಿ. ಇಲಿಯ ಉಚ್ಚೆಯಿಂದ ಇಲಿಜ್ವರ ಬರುತ್ತದೆ. ಹಾಗೇ ಸುತ್ತಮುತ್ತಲಿನ ವೈರುಗಳನ್ನು ಕಡಿದಿದೆಯಾ ನೋಡಿ.

ಆಮೇಲೆ ಒದ್ದೆ ಬಟ್ಟೆ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಗಾಳಿ ಎಳೆಯುವ ಪೈಪಿನ ಬಾಯಿ, ಕಾಯಿಲ್ ಇರುವ ಜಾಗ, ಇವಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್, ಬ್ರೇಕ್ ಆಯಿಲ್ ಮುಚ್ಚಳ ಬಿಗಿಯಾಗಿವೆಯಾ ನೋಡಿ. ಕಾರ್ ಶಾಂಪೂ ಬೆರೆಸಿದ ನೀರಲ್ಲಿ ಬನಿಯನ್ ವೇಸ್ಟ್ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಜಿಡ್ಡು ಹಿಡಿದ ಕಡೆ ನೀರಿನಲ್ಲಿ ಬೆರೆಯುವ ಡಿಗ್ರೀಸರನ್ನು ಬ್ರಷ್ಷಿಗೆ ಹಾಕಿ ಉಜ್ಜಿ, ಎಂಜಿನ್ ಮೇಲೆ ನೇರ ಸ್ಪ್ರೇ ಮಾಡಬೇಡಿ. ಬೋರ್‌ವೆಲ್ ನೀರಾದರೆ ಬಿಳಿ ಕಲೆ ಉಳಿಯುತ್ತದೆ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಬೇಕು. ಹೊಳಪಿನ ಸ್ಪ್ರೇ ಬೇಕೇ ಬೇಕು ಅಂದರೆ ಬಟ್ಟೆಗೆ ಹಾಕಿ ಪ್ಲಾಸ್ಟಿಕ್ ಭಾಗಗಳಿಗೆ ಮಾತ್ರ ಸವರಿ. ಬೆಲ್ಟಿಗೆ ಸಿಲಿಕಾನ್ ತಾಗಿದರೆ ಜಾರಿ ಕಿರುಚುತ್ತದೆ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದರ ತಂಟೆಗೆ ಹೋಗಲೇಬೇಡಿ. ಅದು ಹೈ ವೋಲ್ಟೇಜ್, ಕಂಪನಿಯ ತರಬೇತಿ ಪಡೆದವರ ಕೆಲಸ.

ಕವರ್ ಎಲ್ಲ ತೆಗೆದು ಬಾನೆಟ್ ಎತ್ತಿಟ್ಟು ಒಂದೆರಡು ಗಂಟೆ ಆರಲು ಬಿಡಿ. ಆಮೇಲೆ ಸ್ಟಾರ್ಟ್ ಮಾಡಿ. ಗಾಳಿ ಪೈಪಿಗೆ ಕಟ್ಟಿದ ಪ್ಲಾಸ್ಟಿಕ್ ತೆಗೆದಿದ್ದೀರಾ ಅಂತ ಇನ್ನೊಮ್ಮೆ ನೋಡಿಕೊಳ್ಳಿ. ಒರೆಸುವ ಮುಂಚೆ ಎಲ್ಲೆಲ್ಲಿ ಆಯಿಲ್ ಜಿಡ್ಡು ಇತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಸ್ವಲ್ಪ ದಿನದಲ್ಲಿ ಅದೇ ಜಾಗದಲ್ಲಿ ಮತ್ತೆ ಜಿಡ್ಡು ಕಂಡರೆ ಲೀಕ್ ಇದೆ, ಮೆಕ್ಯಾನಿಕ್‌ಗೆ ಆ ಫೋಟೋ ತೋರಿಸಿ.

ಈಗಾಗಲೇ ಯಾರೋ ಗನ್ ಹಿಡಿದು ತೊಳೆದುಬಿಟ್ಟಿದ್ದರೆ ಗಾಬರಿ ಬೇಡ, ಆದರೆ ರಾತ್ರಿ ಹಾಗೇ ಬಿಡಬೇಡಿ. ಅವತ್ತೇ ಮೆಕ್ಯಾನಿಕ್ ಕರೆದು ಕಾಯಿಲ್‌ಗಳನ್ನು ಎತ್ತಿಸಿ ಗುಂಡಿಗಳಿಗೆ ಗಾಳಿ ಹೊಡೆಸಿ. ಅರ್ಧ ಗಂಟೆಯ ಕೆಲಸ, ಕೂಲಿಯೂ ಹೆಚ್ಚಿಲ್ಲ. ಏರ್ ಫಿಲ್ಟರ್ ಡಬ್ಬ ಬಿಚ್ಚಿ ನೋಡಿ. ಒಳಗೆ ನೀರು ನಿಂತಿದ್ದರೆ ಕೀ ತಿರುಗಿಸಲೇಬೇಡಿ. ಸಿಲಿಂಡರಿಗೆ ನೀರು ಹೋಗಿ ಪಿಸ್ಟನ್ ಅದನ್ನು ಒತ್ತಿದರೆ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂಥ ನಷ್ಟಕ್ಕೆ ಸಾಮಾನ್ಯ ಇನ್ಶೂರೆನ್ಸಿನಲ್ಲಿ ದುಡ್ಡು ಸಿಗುವುದು ಕಷ್ಟ, ಎಂಜಿನ್ ಪ್ರೊಟೆಕ್ಷನ್ ಅನ್ನುವ ಆಡ್-ಆನ್ ಬೇರೆಯೇ ಮಾಡಿಸಿರಬೇಕು. ಗಾಡಿಯನ್ನು ಟೋ ಮಾಡಿಸಿಯೇ ಗ್ಯಾರೇಜಿಗೆ ಕಳಿಸಿ.