ಬ್ಲೂಬರ್ಡ್ ಬಾಕ್ಸಿಗೆ ಗುಬ್ಬಚ್ಚಿ ಕಾಟ: ನಾನು ಮಾಡಿ ನೋಡಿದ ಉಪಾಯಗಳಲ್ಲಿ ಯಾವುದು ವಾಸಿ?

ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನ ಬಂದರೆ ಸಾಕು, ಊರಲ್ಲಿ ಗುಬ್ಬಚ್ಚಿ ಕಾಣೋದೇ ಇಲ್ಲ ಅಂತ ಎಲ್ಲರೂ ಬೇಜಾರು ಮಾಡಿಕೊಳ್ಳುತ್ತಾರೆ. ನಾನೂ ಮಾಡಿಕೊಂಡವನೇ. ಅಂಥವನು ಈಗ ನಾರ್ತ್ ಕ್ಯಾರೊಲೈನಾದಲ್ಲಿ, ರಾಲಿ ಪಕ್ಕದ ಒಂದು ಹಿತ್ತಲಲ್ಲಿ ಕೂತು ಗುಬ್ಬಚ್ಚಿ ಓಡಿಸೋದು ಹೇಗೆ ಅಂತ ಬರೆಯುತ್ತಿದ್ದೇನೆ. ನಗಬೇಡಿ.

ಗುಬ್ಬಚ್ಚಿ ಅಮೆರಿಕದ ಹಕ್ಕಿ ಅಲ್ಲ. 1850ರ ಆಸುಪಾಸಿನಲ್ಲಿ ಯುರೋಪಿನಿಂದ ತಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಿಟ್ಟರು, ಆಮೇಲೆ ದೇಶ ತುಂಬಾ ಹರಡಿತು. ಇಲ್ಲಿನದೇ ಆದ ನೀಲಿ ಬಣ್ಣದ ಪುಟ್ಟ ಹಕ್ಕಿ ಬ್ಲೂಬರ್ಡ್‌ಗೆ ಮರ ಕೊರೆಯೋಕೆ ಬರಲ್ಲ. ಮರಕುಟಿಗ ಬಿಟ್ಟುಹೋದ ಪೊಟರೆ ಬೇಕು, ಇಲ್ಲವೇ ನಾವು ಗೂಡಿಗೆಂದು ಇಡುವ ಬಾಕ್ಸ್ ಬೇಕು. ಗುಬ್ಬಚ್ಚಿಗೂ ಅದೇ ಬೇಕು. ಜಗಳ ಶುರುವಾಗೋದು ಅಲ್ಲಿಂದ.

ಜಗಳ ಅಂದರೆ ಕಿಚಿಪಿಚಿ ಅಂದುಕೊಂಡಿದ್ದೆ. ಮೊದಲ ವರ್ಷ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಬಾಕ್ಸಿನ ಬಾಗಿಲು ತೆಗೆದರೆ ಒಣಹುಲ್ಲು, ಒಂದು ಬಿಳಿ ಪುಕ್ಕ, ಚಿಪ್ಸ್ ಪ್ಯಾಕೆಟ್ಟಿನ ಚೂರು. ಬೆರಳಿಂದ ಸರಿಸಿದೆ. ಕೆಳಗೆ ಹೆಣ್ಣು ಬ್ಲೂಬರ್ಡ್ ಸತ್ತು ಬಿದ್ದಿತ್ತು, ನೆತ್ತಿಯ ಪುಕ್ಕವೆಲ್ಲ ಕಿತ್ತು ಹೋಗಿ ತಲೆ ಗಾಯವಾಗಿತ್ತು. ಗುಬ್ಬಚ್ಚಿ ಅದನ್ನು ಕುಕ್ಕಿ ಕೊಂದು ಅದರ ಮೇಲೇ ಗೂಡು ಕಟ್ಟುತ್ತಿತ್ತು. ಆವತ್ತಿನಿಂದ ಮೂರು ವರ್ಷ ಒಂದೊಂದೇ ಉಪಾಯ ಮಾಡಿ ನೋಡಿದ್ದೇನೆ.

ಎಲ್ಲಕ್ಕಿಂತ ಸುಲಭ, ಬಾಕ್ಸಿನ ತೂತು ಚಿಕ್ಕದು ಮಾಡೋದು. ಬ್ಲೂಬರ್ಡ್‌ಗೆ ಒಂದೂವರೆ ಇಂಚಿನ ತೂತು ಬೇಕು, ಗುಬ್ಬಚ್ಚಿ ಒಂದೂಕಾಲು ಇಂಚಿನಲ್ಲೂ ನುಸುಳುತ್ತದೆ. ಒಂದು ಇಂಚು ಮತ್ತು ಎಂಟನೇ ಒಂದು ಭಾಗಕ್ಕೆ ಇಳಿಸಿದರೆ ಗುಬ್ಬಚ್ಚಿ ಹೊರಗೆ. ಗುಬ್ಬಚ್ಚಿಗಿಂತ ಚಿಕ್ಕವಾದ ಇಲ್ಲಿನ ಚಿಕಡೀ ಹಕ್ಕಿಗಳು ಆರಾಮಾಗಿ ಬಂದು ಮರಿ ಮಾಡಿದವು, ಒಂದು ದಿನವೂ ತಂಟೆಯಿಲ್ಲ. ಆದರೆ ಬ್ಲೂಬರ್ಡೂ ಹೊರಗೇ ಉಳಿಯಿತು! ಚಿಕಡೀ ಸಾಕು ಅನ್ನೋರು ಇಲ್ಲಿಗೇ ಓದೋದು ನಿಲ್ಲಿಸಬಹುದು.

ಇನ್ನೊಂದು, ಎಲ್ಲರಿಗೂ ಮೊದಲು ಹೊಳೆಯೋದು: ಗುಬ್ಬಚ್ಚಿ ಗೂಡು ಕಿತ್ತು ಬಿಸಾಕೋದು. ದಯವಿಟ್ಟು ಇದೊಂದೇ ಮಾಡಿ ಸುಮ್ನಿರಬೇಡಿ. ಕೊರಳ ಕೆಳಗೆ ಕಪ್ಪು ಮಚ್ಚೆ ಇರುತ್ತಲ್ಲ, ಆ ಗಂಡು, ಅದರ ಪ್ರೀತಿ ಹೆಣ್ಣಿನ ಮೇಲಿಗಿಂತ ಬಾಕ್ಸಿನ ಮೇಲೆ ಜಾಸ್ತಿ. ಬೆಳಿಗ್ಗೆ ಕಿತ್ತರೆ ಸಂಜೆಗೆ ಅರ್ಧ ಗೂಡು ವಾಪಸ್. ನಾನು ಹಟಕ್ಕೆ ಬಿದ್ದು ಒಂದು ವಾರ ಕಿತ್ತೆ. ಅದೇ ವಾರ ಬೇಲಿಯಾಚೆ ಮನೆಯವರ ಬಾಕ್ಸಿನಲ್ಲಿದ್ದ ನಾಲ್ಕು ನೀಲಿ ಮೊಟ್ಟೆಗಳು ತೂತಾಗಿ ನೆಲಕ್ಕೆ ಬಿದ್ದಿದ್ದವು. ನಮ್ಮ ಗಂಡೇ ಅಂತ ಆಣೆ ಮಾಡಲ್ಲ, ಆದರೂ ಅವರ ಮುಖ ನೋಡೋಕೆ ಆಗಲಿಲ್ಲ.

ಅದರ ಬದಲು ಗೂಡು ಬಿಟ್ಟು, ಮೊಟ್ಟೆ ಕೆಡಿಸೋದು ಎಷ್ಟೋ ವಾಸಿ. ಮೊಟ್ಟೆ ಇಟ್ಟು ಮುಗಿಸಲಿ ಅಂತ ಕಾದು, ಒಂದೊಂದನ್ನೂ ತೆಗೆದು ಜೋರಾಗಿ ಕುಲುಕಿ, ಇಲ್ಲವೇ ಮೆಕ್ಕೆಜೋಳದ ಎಣ್ಣೆ ಸವರಿ, ವಾಪಸ್ ಇಟ್ಟುಬಿಡೋದು. ಹೆಣ್ಣು ಒಡೆಯದ ಮೊಟ್ಟೆ ಮೇಲೆ ಕೂತೇ ಇರುತ್ತದೆ, ಗಂಡು ತನ್ನ ಸಂಸಾರ ನಡೀತಿದೆ ಅಂದುಕೊಂಡು ಬೇರೆ ಬಾಕ್ಸುಗಳ ತಂಟೆಗೆ ಕಡಿಮೆ ಹೋಗುತ್ತದೆ. ಇಲ್ಲಿ ಒಂದು ಎಚ್ಚರ. ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯಿದೆ ಗುಬ್ಬಚ್ಚಿಯನ್ನು ಕಾಯಲ್ಲ, ಇಲ್ಲಿನ ಹಕ್ಕಿಗಳನ್ನು ಕಾಯುತ್ತದೆ, ಅವುಗಳ ಮೊಟ್ಟೆ ಮುಟ್ಟಿದರೆ ತಪ್ಪು. ಬ್ಲೂಬರ್ಡ್ ಮೊಟ್ಟೆ ಸಾಮಾನ್ಯವಾಗಿ ತಿಳಿನೀಲಿ, ಚುಕ್ಕೆಯಿಲ್ಲ. ಆದರೆ ಗುಬ್ಬಚ್ಚಿದೂ ಚಿಕಡೀದೂ ಎರಡೂ ಬಿಳಿ ಮೇಲೆ ಕಂದು ಚುಕ್ಕೆ! ಮೊಟ್ಟೆ ನೋಡಿದರೆ ಸಾಲದು, ಗೂಡು ನೋಡಿ. ಚಿಕಡೀದು ಹಸಿರು ಪಾಚಿಯ ಮೆತ್ತನೆ ಹಾಸಿಗೆ. ಬ್ಲೂಬರ್ಡ್‌ದು ನಮ್ಮ ಕಡೆ ಪೈನ್ ಎಲೆಯ ಅಚ್ಚುಕಟ್ಟಾದ ಬಟ್ಟಲು. ಗುಬ್ಬಚ್ಚಿದು ಸೂರಿನವರೆಗೂ ತುಂಬಿದ ಕಸ.

ನಾನು ಮೊಟ್ಟೆ ಕುಲುಕುವಾಗ ಅಮ್ಮ ಇಲ್ಲೇ ಇದ್ದರು. "ಅಲ್ಲ ಕಣೋ, ನಮ್ಮೂರಲ್ಲಿ ಗುಬ್ಬಿಗೆ ಅಂತ ರಟ್ಟಿನ ಗೂಡು ಕಟ್ತಾರೆ, ನೀನು ಇಲ್ಲಿ ಮೊಟ್ಟೆ ಕುಲುಕ್ತಾ ಕೂತಿದ್ದೀಯಲ್ಲ!" ಅಂದರು. ಏನು ಹೇಳೋದು? ಅಷ್ಟೇ ಅಲ್ಲ, ಆರು ತಿಂಗಳೂ ಬೆಳಿಗ್ಗೆ ಎದ್ದು ಡೆಕ್ ಮೇಲೆ ನುಚ್ಚಕ್ಕಿ ಚೆಲ್ಲುತ್ತಿದ್ದವರು ಅವರೇ ಅಂತ ನನಗೆ ಗೊತ್ತಾಗಿದ್ದೇ ತಡವಾಗಿ. ಗುಬ್ಬಚ್ಚಿ ದಂಡು ಬರದೆ ಇನ್ನೇನು ಮಾಡೀತು? ಊಟ ಬದಲಾಯಿಸೋದೂ ಒಂದು ಉಪಾಯ ಅಂತ ಆಗ ತಿಳಿಯಿತು. ಅಂಗಡಿಯ ಅಗ್ಗದ ಮಿಶ್ರಣದಲ್ಲಿ ಬರಗು, ಒಡೆದ ಜೋಳ ತುಂಬಿರುತ್ತೆ, ಅದೇ ಅದರ ಇಷ್ಟದ ಊಟ. ನಾನು ಕುಸುಬೆ ಬೀಜಕ್ಕೆ ಬದಲಾದೆ. ಕಾರ್ಡಿನಲ್ ಹಕ್ಕಿ ತಿನ್ನುತ್ತದೆ, ಗುಬ್ಬಚ್ಚಿ ಅಷ್ಟಾಗಿ ಮುಟ್ಟಲ್ಲ. ಗುಬ್ಬಚ್ಚಿ ದಂಡು ಕಡಿಮೆಯಾಯಿತು, ಆದರೆ ಬಾಕ್ಸಿನ ಮೇಲೆ ಕಣ್ಣಿಟ್ಟ ಗಂಡು ಊಟ ಇಲ್ಲ ಅಂತ ಜಾಗ ಬಿಟ್ಟು ಹೋಗಲಿಲ್ಲ.

ಬೋನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬಾಕ್ಸಿನೊಳಗೆ ಸಿಕ್ಕಿಸುವ ಸ್ಪ್ರಿಂಗ್ ತಗಡು, ಹಕ್ಕಿ ಒಳಗೆ ಹೋಗಿ ಕಡ್ಡಿ ಮೆಟ್ಟಿದರೆ ತೂತು ಮುಚ್ಚಿಕೊಳ್ಳುತ್ತದೆ. ಕೆಲಸ ಮಾಡುತ್ತೆ, ಅನುಮಾನ ಬೇಡ. ಬೇರೆ ಹಕ್ಕಿ ಸಿಕ್ಕಿಬೀಳಬಹುದು, ಹಾಗಾಗಿ ಇಟ್ಟವರು ಪಕ್ಕದಲ್ಲೇ ಇರಬೇಕು. ಅರ್ಧ ಗಂಟೆಯಲ್ಲಿ ಗಂಡು ಸಿಕ್ಕಿತು. ಆಮೇಲೆ? ಕೊಲ್ಲೋಕೆ ಕೈ ಬರಬೇಕು. ಅಂಗೈಲಿ ಅದರ ಎದೆ ಡವಡವ ಅಂತಿತ್ತು. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅನ್ನೋ ಮಾತು ನೆನಪಾಗಿ ಬಿಟ್ಟುಬಿಟ್ಟೆ. ಹತ್ತು ನಿಮಿಷಕ್ಕೆ ಮಹಾರಾಯ ವಾಪಸ್ ಬಾಕ್ಸಿನ ಮೇಲಿದ್ದ. ಕೈ ಬರುವವರಿಗೆ ಇದಕ್ಕಿಂತ ಗಟ್ಟಿ ಉಪಾಯ ಇಲ್ಲ, ಬರದಿದ್ದರೆ ದುಡ್ಡು ದಂಡ.

ನನಗೆ ಒಗ್ಗಿದ್ದು ಸ್ಪೂಕರ್. ಬಾಕ್ಸಿನ ಮೇಲೆ ಒಂದು ಅಡ್ಡಕೋಲು, ಅದರಿಂದ ಜೋತುಬಿದ್ದ ಮಿಂಚುವ ಮೈಲಾರ್ (ತೆಳು ಪ್ಲಾಸ್ಟಿಕ್) ಪಟ್ಟಿಗಳು. ತುದಿ ಬಾಕ್ಸಿನ ಚಾವಣಿಗೆ ತಾಗುವಷ್ಟು ಉದ್ದ ಇರಬೇಕು. ನಾನು ಬಿದಿರು ಕಡ್ಡಿಗೆ ವರಮಹಾಲಕ್ಷ್ಮಿ ಹಬ್ಬದಲ್ಲಿ ಉಳಿದಿದ್ದ ಬೆಳ್ಳಿ ಬಣ್ಣದ ಅಲಂಕಾರದ ಪಟ್ಟಿ ಕಟ್ಟಿದೆ. ಗಾಳಿಗೆ ಅದು ಹೊಯ್ದಾಡುತ್ತಿದ್ದರೆ ಗುಬ್ಬಚ್ಚಿ ಬೇಲಿ ಮೇಲೇ ಕೂತು ಬೈಯುತ್ತದೆ, ಹತ್ತಿರ ಬರಲ್ಲ. ಬ್ಲೂಬರ್ಡ್ ಮೊದಲು ಹೆದರುತ್ತದೆ, ಆದರೆ ಒಳಗೆ ಮೊಟ್ಟೆ ಇದ್ದರೆ ಸ್ವಲ್ಪ ಹೊತ್ತಿಗೆ ಧೈರ್ಯ ಮಾಡಿ ನುಗ್ಗುತ್ತದೆ. ಹಾಗಾಗಿ ಮೊದಲ ಮೊಟ್ಟೆ ಬಿದ್ದ ಮೇಲೇ ಕಟ್ಟಬೇಕು. ಒಂದು ವರ್ಷ ಆತುರಪಟ್ಟು ಗೂಡು ಕಟ್ಟುವಾಗಲೇ ಹಾಕಿದೆ, ಜೋಡಿ ಹಾರಿಹೋಯಿತು, ತಿರುಗಿ ನೋಡಲಿಲ್ಲ. ಮರಿ ಹಾರಿದ ಮೇಲೆ ಬಿಚ್ಚಿಡಬೇಕು, ಇಲ್ಲದಿದ್ದರೆ ಗುಬ್ಬಚ್ಚಿಗೆ ಅಭ್ಯಾಸವಾಗಿ ಹೆದರಿಕೆ ಹೋಗುತ್ತದೆ. ಅಂದರೆ ಮೊದಲ ಮೊಟ್ಟೆಗೆ ಮುಂಚಿನ ದಿನಗಳಿಗೆ ಇದು ಉಪಯೋಗಕ್ಕಿಲ್ಲ. ಆ ದಿನಗಳಲ್ಲಿ ಕಾವಲು ನಾನೇ, ಕೈಯಲ್ಲಿ ಕಾಫಿ ಲೋಟ.

ಈ ಸಲ ಒಂದು ಗೂಡಿಂದ ನಾಲ್ಕು ಮರಿ ಹಾರಿದವು. ಪಟ್ಟಿ ಬಿಚ್ಚಿ ಗ್ಯಾರೇಜಿನಲ್ಲಿಟ್ಟಿದ್ದೇನೆ. ನಿನ್ನೆ ಹೆಣ್ಣು ಮತ್ತೆ ಪೈನ್ ಎಲೆ ಕಚ್ಚಿಕೊಂಡು ಬಂದಿದೆ, ಇವತ್ತು ಕಪ್ಪು ಮಚ್ಚೆಯವನೂ ಬೇಲಿ ಮೇಲೆ ಹಾಜರ್.